ಎಡೆಯ ಕಲ್ಲು

ಕಾದಂಬರಿಯೊಂದು ಚಲಚ್ಚಿತ್ರವಾದಾಗ ಕಥೆ ಎಷ್ಟು ಉಳಿಯಿತು, ಎಷ್ಟು ಅಳಿಯಿತು ಎಂದು ಲೆಕ್ಕ ಹಾಕುವುದು ವಾಡಿಕೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ: ಕಥೆಯ ಪಾತ್ರಕ್ಕೆ ತೀರ್ಪು ಹೇಳುವವರು ಯಾರು? ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' ಕಾದಂಬರಿಯನ್ನೂ, ಪುಟ್ಟಣ್ಣ ಕಣಗಾಲರು 1973ರಲ್ಲಿ ಅದನ್ನು ಆಧರಿಸಿ ತೆಗೆದ ಚಿತ್ರವನ್ನೂ ಜೊತೆಯಲ್ಲಿಟ್ಟು ನೋಡಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ವಸ್ತು ಸರಳ, ಸುಲಭವಲ್ಲ. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖಕ್ಕೆ ಎರವಾದ ಸೈನಿಕ. ಅವನ ಮಡದಿ ಮಾಧವಿ. ಅವಳ ಮನಸ್ಸನ್ನು ಸೆಳೆದ ತರುಣ ನಂಜುಂಡ.

ವಯನಾಡಿನ ಎಡಕಲ್ಲು ನಮ್ಮ ಬಳ್ಳಾರಿಯವರಿಗೆ ದೂರದ ಗುಡ್ಡವೆನಿಸಬಹುದು. ಆದರೆ ಬಳ್ಳಾರಿ 1953ರವರೆಗೆ, ವಯನಾಡು 1956ರವರೆಗೆ ಮದರಾಸಿನ ಆಡಳಿತಕ್ಕೇ ಸೇರಿದ್ದವು. ಬಳ್ಳಾರಿಯ ಬಳಿಯ ಬಂಡೆಚಿತ್ರಗಳನ್ನು ಕುರಿತು 1892ರಲ್ಲಿ ಬರೆದ ಪೊಲೀಸ್ ಅಧಿಕಾರಿ ಫಾಸೆಟ್ ಅವರೇ ಎಡಕಲ್ಲಿನ ಕೆತ್ತನೆಗಳನ್ನು ಕುರಿತು 1901ರಲ್ಲಿ ಬರೆದರು. ಎಡಕಲ್ಲೆಂದರೆ ಎಡೆಯಲ್ಲಿ ಸಿಕ್ಕಿದ ಕಲ್ಲು. ಎರಡು ಬಂಡೆಗಳ ನಡುವಣ ಸೀಳಿನಲ್ಲಿ, ಕೆಳಗೂ ಇಳಿಯದೆ ಮೇಲೂ ಏಳದೆ ನಿಂತ ಹೆಬ್ಬಂಡೆ. ಮಾಧವಿಯ ಸ್ಥಿತಿಯೂ ಅದೇ.

ಕಾದಂಬರಿಯನ್ನು ನಾವು ಏಕಾಂತದಲ್ಲಿ ಓದುತ್ತೇವೆ. ಬೇಡವೆನಿಸಿದರೆ ಪುಸ್ತಕ ಮುಚ್ಚಿ, ಮಾಧವಿಗೆ ಮನಸ್ಸಿನಲ್ಲೇ ತೀರ್ಪು ಕೊಟ್ಟು ಸುಮ್ಮನಾಗಬಹುದು. ಚಿತ್ರಮಂದಿರದಲ್ಲಿ ಆ ಸೌಕರ್ಯವಿಲ್ಲ. ನೂರಾರು ಜನರ ನಡುವೆ ಕುಳಿತು ಅವಳ ಮುಖವನ್ನು ನೋಡಲೇಬೇಕು. ಆ ಮುಖ ಜಯಂತಿಯವರದು. 1945ರಲ್ಲಿ ಬಳ್ಳಾರಿಯಲ್ಲಿಯೇ ಜನಿಸಿ 2021ರಲ್ಲಿ ಕಣ್ಮರೆಯಾದ ಈ ನಟಿಗೆ ಮಾಧವಿಯ ಪಾತ್ರ ರಾಜ್ಯಪ್ರಶಸ್ತಿಯನ್ನು ತಂದಿತು. ಕಾದಂಬರಿಯಲ್ಲಿ ಮಾತಾಗಿರುವ ವಿರಹವನ್ನು ಚಿತ್ರವು ಎಂ. ರಂಗರಾಯರ ಸಂಗೀತಕ್ಕೂ ಎಸ್. ಜಾನಕಿಯವರ ಕಂಠಕ್ಕೂ ಒಪ್ಪಿಸಿತು. ಹಾಡಿನ ಇಂಪಿನಲ್ಲಿ ನೋವಿನ ಒಗರು ಕೊಂಚ ಕರಗಿತೆಂಬುದು ನಿಜ. ಆದರೆ ಮಾಧವಿಯನ್ನು ಜಾರಿಣಿಯೆಂದು ತಳ್ಳಿಹಾಕುವುದು ಪ್ರೇಕ್ಷಕನಿಗೆ ಕಷ್ಟವಾಯಿತು.

ಇದಕ್ಕೂ ಮೊದಲೇ ಪುಟ್ಟಣ್ಣನವರು ತ್ರಿವೇಣಿಯವರ 'ಶರಪಂಜರ'ವನ್ನು ತೆರೆಗೆ ತಂದಿದ್ದರು. ಅಲ್ಲಿ ದಾರಿ ತಪ್ಪುವವನು ಗಂಡ. ಚಿತ್ತ ಕೆಟ್ಟು ಮತ್ತೆ ಆಸ್ಪತ್ರೆ ಸೇರುವವಳು ಹೆಂಡತಿ ಕಾವೇರಿ. ಅಂದಿನ ಕಾನೂನೂ ಹೀಗೆಯೇ ಓರೆಯಾಗಿತ್ತು. 1860ರ ದಂಡಸಂಹಿತೆಯ 497ನೆಯ ಕಲಮಿನಂತೆ, ತನ್ನ ಹೆಂಡತಿಯನ್ನು ಕೂಡಿದ ಪರಪುರುಷನ ಮೇಲೆ ಗಂಡ ದೂರು ಕೊಡಬಹುದಿತ್ತು. ತಪ್ಪಿದ ಗಂಡನ ಮೇಲೆ ಹೆಂಡತಿ ದೂರು ಕೊಡುವಂತಿರಲಿಲ್ಲ. ಹೆಣ್ಣು ಅಪರಾಧಿಯೂ ಅಲ್ಲ, ಫಿರ್ಯಾದಿಯೂ ಅಲ್ಲ. ಗಂಡನ ಸೊತ್ತೆಂಬ ಭಾವವೇ ಅದರ ತಳದಲ್ಲಿತ್ತು. ಸರ್ವೋಚ್ಚ ನ್ಯಾಯಾಲಯ ಆ ಕಲಮನ್ನು ರದ್ದುಮಾಡಿದ್ದು 2018ರಲ್ಲಿ.

ಕಲಮು ಹೋಯಿತು, ಮನಸ್ಸಿನ ತಕ್ಕಡಿ ಅಷ್ಟು ಬೇಗ ನೆಟ್ಟಗಾಗುವುದಿಲ್ಲ. ಸಿರುಗುಪ್ಪ, ಕುರುಗೋಡುಗಳಿಂದ ಬಸ್ಸಿನಲ್ಲಿ ಬಂದು ಓದುವ ನನ್ನ ವಿದ್ಯಾರ್ಥಿಗಳ ಮುಂದೆ ಈ ಕಥೆಯನ್ನಿಟ್ಟಾಗ ಹುಡುಗರು ಮಾಧವಿಯದೇ ತಪ್ಪೆಂದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಗಾಯ ಆಕಿಗಾಗಿದ್ರ ಗಂಡಗ ಇನ್ನೊಂದು ಲಗ್ನ ಮಾಡ್ತಿದ್ದಿಲ್ಲೇನ್ರಿ ಸರ್?" ಉತ್ತರ ಹೇಳಲು ಯಾರೂ ಏಳಲಿಲ್ಲ.

ಕಾದಂಬರಿಯಿಂದ ನಮಗೆ ಮಾಧವಿಯ ಮನಸ್ಸು ತಿಳಿಯುತ್ತದೆ. ಚಿತ್ರದಿಂದ, ಅವಳನ್ನು ನೋಡುವ ನಮ್ಮ ಮನಸ್ಸೇ ತಿಳಿಯುತ್ತದೆ. ಚಿತ್ರವನ್ನಷ್ಟೇ ನೋಡಿದವರು ಕಾದಂಬರಿಯನ್ನೂ ಒಮ್ಮೆ ಓದಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.