ಉಳಿದ ಜೀವ, ಬೆಳೆವ ಮಿದುಳು
ಹೂಟಗಳ್ಳಿಯ ನಮ್ಮ ನೆರೆಮನೆಯಲ್ಲಿ ಏಳು ತಿಂಗಳಿಗೇ ಹುಟ್ಟಿದ ಕೂಸೊಂದುಂಟು. “ಗಾಜಿನ ಪೆಟ್ಟಿಗೆಯಲ್ಲಿ ಜೀವ ಉಳಿಯಿತು, ಬುದ್ಧಿ ಬೆಳೆದೀತೇ?” ಎಂದು ಅಜ್ಜಿ ನನ್ನನ್ನು ಕೇಳಿದರು. ಈ ಪ್ರಶ್ನೆಗೊಂದು ಚರಿತ್ರೆಯೇ ಇದೆ.

ಮಿದುಳಿನ ಮಡಿಕೆಗಳು ಬಹುಮಟ್ಟಿಗೆ ಮೂಡುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ಇಂಥ ಕೂಸಿಗೆ ಆ ಕಾಲ ಕಳೆಯುವುದು ಯಂತ್ರ, ಮದ್ದುಗಳ ನಡುವೆ. 1990ರ ದಶಕದಲ್ಲಿ ಉಸಿರಾಟಕ್ಕೆಂದು ಡೆಕ್ಸಮೆಥಸೋನನ್ನು ಧಾರಾಳವಾಗಿ ಕೊಟ್ಟರು. ಉಸಿರೇನೋ ಸುಧಾರಿಸಿತು, ಆದರೆ ಮೊದಲ ವಾರದಲ್ಲೇ ಅದನ್ನು ಪಡೆದವರಲ್ಲಿ ಮಿದುಳಿನ ಊನದಿಂದಾಗುವ ಅಂಗಸೆಡೆತ ಹೆಚ್ಚೆಂದು ತಿಳಿಯಿತು. 2002ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಅದರ ವಾಡಿಕೆಯ ಬಳಕೆ ಸಲ್ಲದೆಂದಿತು.

1978ರಲ್ಲಿ ಕೊಲಂಬಿಯದ ಬೊಗೊಟಾದಲ್ಲಿ, ಶಿಶುವನ್ನು ತಾಯ ಎದೆಗೆ ಮೈತಾಗಿಸಿ ಕಟ್ಟುವ ‘ಕಾಂಗರೂ ಆರೈಕೆ’ ಆರಂಭವಾಯಿತು. ಅಲ್ಲಿ ಹಾಗೆ ಬೆಳೆದವರನ್ನು ಇಪ್ಪತ್ತರ ಹರೆಯದಲ್ಲಿ ಪರೀಕ್ಷಿಸಿದಾಗ ಮಿದುಳಿನ ಕೆಲವು ಭಾಗಗಳು ಹೆಚ್ಚು ತುಂಬಿಕೊಂಡಿದ್ದವು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಕ್ರಮವನ್ನು ಬಳಕೆಗೆ ತಂದಿದ್ದಾರೆ.

ಪೆಟ್ಟಿಗೆ ಬೇಡವೆನ್ನಲಾಗದು. ಆದರೆ ಉಳಿಸಿದ ಮದ್ದಿನ ಲೆಕ್ಕ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯದು. ಮಗು ನಡೆದು, ನುಡಿದು, ಓದುವವರೆಗೂ ಕೇಳುತ್ತಿರಬೇಕು.