ದನಿ ಮುಟ್ಟಿತು, ದಿಕ್ಕು ತಿಳಿಯಲಿಲ್ಲ

1937ನೆಯ ಇಸವಿ ಜುಲೈ 2ರಂದು ಅಮೆರಿಕದ ವೈಮಾನಿಕೆ ಅಮೀಲಿಯಾ ಇಯರ್‌ಹಾರ್ಟ್, ಪಥದರ್ಶಕ ಫ್ರೆಡ್ ನೂನನ್ನನೊಡನೆ, ನ್ಯೂಗಿನಿಯ ಲೇ ಎಂಬಲ್ಲಿಂದ ಸುಮಾರು 2,500 ಮೈಲಿ ದೂರದ ಹೌಲೆಂಡ್ ದ್ವೀಪಕ್ಕೆ ಹೊರಟಳು. ಶಾಂತಸಾಗರದ ಆ ಕಿರುದ್ವೀಪದ ಬಳಿ ‘ಇಟಾಸ್ಕ’ ಎಂಬ ಹಡಗು ಆಕೆಗಾಗಿ ಕಾದಿತ್ತು.

ವಿಮಾನದ ರೇಡಿಯೋ ಪ್ರೇಷಕದ ಶಕ್ತಿ ಕೇವಲ 50 ವ್ಯಾಟ್. ಮೊದಲು ಕ್ಷೀಣವಾಗಿದ್ದ ಆಕೆಯ ದನಿಯು ಸಮೀಪಿಸಿದಂತೆಲ್ಲ ಬಲಗೊಂಡು, ಬೆಳಗಿನಲ್ಲಿ ಹಡಗಿನವರಿಗೆ ಅತಿ ಸ್ಪಷ್ಟವಾಗಿ ಕೇಳಿಬಂದಿತು. ಆದರೆ ದನಿಯ ಬಲದಿಂದ ಸಾಮೀಪ್ಯವನ್ನು ಊಹಿಸಬಹುದೇ ಹೊರತು ದಿಕ್ಕನ್ನಲ್ಲ. ದಿಕ್ಕನ್ನರಿಯಲು ಬಳೆಯಾಕಾರದ ಆಂಟೆನಾವನ್ನು ತಿರುಗಿಸಿ, ದನಿ ಅತ್ಯಂತ ಕುಗ್ಗುವ ನೆಲೆಯನ್ನು ಹುಡುಕಬೇಕು. ಆಕೆ ಬೇಡಿದಂತೆ ಹಡಗು 7,500 ಕಿಲೋಸೈಕಲ್ಲಿನಲ್ಲಿ ಸಂಜ್ಞೆ ಕಳುಹಿಸಿತು. ಸಂಜ್ಞೆ ಆಕೆಯ ಕಿವಿಗೆ ಬಿದ್ದಿತು. ಕುಗ್ಗುವ ನೆಲೆ ಮಾತ್ರ ದೊರೆಯಲಿಲ್ಲ. ಅಷ್ಟು ಹೆಚ್ಚಿನ ಕಂಪನಸಂಖ್ಯೆಗೆ ಆ ಉಪಕರಣ ತಕ್ಕುದಾಗಿರಲಿಲ್ಲ. ಇತ್ತ ಹಡಗಿನ ದಿಕ್ಶೋಧಕವು 500 ಕಿಲೋಸೈಕಲ್ಲಿಗೆ ಹೊಂದಿದುದು. ಅಂಥ ದೀರ್ಘತರಂಗವನ್ನು ಬಲವಾಗಿ ಹೊರಡಿಸಲು ವಿಮಾನದ ಗಿಡ್ಡ ಆಂಟೆನಾ ಸಾಲದು.

ಹೀಗೆ ಎರಡು ಕಡೆಯೂ ಯಂತ್ರವಿತ್ತು, ಶಕ್ತಿಯಿತ್ತು, ಒಂದಕ್ಕೊಂದು ಹೊಂದಾಣಿಕೆಯಿರಲಿಲ್ಲ. ವಿಮಾನವು ಮರಳಿ ಯಾರ ಕಣ್ಣಿಗೂ ಬೀಳಲಿಲ್ಲ. ದೂರವನ್ನು ಗೆಲ್ಲಲು ಶಕ್ತಿ ಬೇಕು ನಿಜ. ದಾರಿಯನ್ನು ತೋರಲು ಶಕ್ತಿಯೊಂದೇ ಸಾಲದೆಂಬುದನ್ನು ಜಗತ್ತು ಎರಡು ಜೀವಗಳ ಬೆಲೆಗೆ ಕಲಿಯಿತು.