ಮಣಿಗೆ ಅಂಟಿದ ಮಣ್ಣು

ಮೂಡಿಗೆರೆ, ಕಳಸದ ಕಾಫಿ ಬೆಳೆಗಾರರಿಗೆ ತಮ್ಮ ಮಣ್ಣು ಹುಳಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದ ಹೊಡೆತಕ್ಕೆ ಸುಣ್ಣದಂಶ ತೊಳೆದುಹೋಗುತ್ತದೆ. ಆಗಾಗ ತೋಟಕ್ಕೆ ಸುಣ್ಣ ಹಾಕುತ್ತಲೇ ಇರಬೇಕು. ಹಾಕಿದ ಸುಣ್ಣವನ್ನೇ ಅರಗಿಸಿಕೊಳ್ಳುವ ಮಣ್ಣು ಮೂಳೆಯನ್ನು, ಚಿಪ್ಪನ್ನು ಬಿಟ್ಟೀತೆ? ಆದಿಮಾನವರು ಮೈಮೇಲೆ ತೊಟ್ಟ ಮೊದಮೊದಲ ಒಡವೆಗಳಲ್ಲಿ ನಮಗೆ ಸಿಕ್ಕಿರುವುದು ಹೆಚ್ಚಾಗಿ ಚಿಪ್ಪು, ಹಲ್ಲು, ಮೂಳೆಯವೇ. ಈ ಬೆಟ್ಟಗಳಲ್ಲಿ ಅಂಥ ಮಣಿ ಇದ್ದಿರಬಹುದೇ, ಇದ್ದರೆ ಅದರ ವಯಸ್ಸು ಹೇಳುವುದು ಹೇಗೆ ಎಂದು ಹುಡುಕ ಹೊರಟ ನಾನು ತೋಟದ ಬದಲು ಕಪಾಟಿಗೇ ಮೊದಲು ಕೈ ಹಾಕಿದೆ.

ಹಳೆಯ ದಾಖಲೆಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು. ಇದು ತಿಳಿಯದೆ ಪುಟ ತಿರುವಿದರೆ ದಾರಿ ತಪ್ಪುತ್ತದೆ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಕಡೆಯೂ ಓಡಾಡಿದ್ದರು. ಕೆಮ್ಮಣ್ಣುಗುಂಡಿಯ ಬುಡದಲ್ಲಿರುವ ಲಿಂಗದಹಳ್ಳಿಯ ಹೆಸರು ಅವರಿಂದಲೇ ಪ್ರಾಗಿತಿಹಾಸದ ಪುಸ್ತಕ ಸೇರಿತು. ಅಲ್ಲಿ ದೊರೆತದ್ದು ಕಲ್ಲಿನ ಆಯುಧ, ಒಡವೆಯಲ್ಲ. ಮದ್ರಾಸ್ ಮ್ಯೂಸಿಯಂ ಸೇರಿದ ಅವರ ಸಂಗ್ರಹದಲ್ಲಿ ಬೇರೆ ಊರುಗಳ ಶಂಖದ ಬಳೆಚೂರುಗಳೇನೋ ಇವೆ. ಆದರೆ ಅವರ ಸಂಗ್ರಹದ ಬಹುಪಾಲು ನೆಲದ ಮೇಲಿಂದ ಆರಿಸಿದ್ದು. ಊರಿನ ಹೆಸರು ಉಳಿದಿದೆ. ಯಾವ ಪದರ, ಪಕ್ಕದಲ್ಲಿ ಏನಿತ್ತು ಎಂಬುದಿಲ್ಲ. ಬಳೆಚೂರು ಎಷ್ಟೇ ಚೆಂದವಿದ್ದರೂ ತನ್ನ ವಯಸ್ಸನ್ನು ತಾನೇ ಹೇಳದು.

ಪದರ ನೋಡಿ ಅಗೆದವರು ಪುರಾತತ್ವಜ್ಞ ಮಾರ್ಟಿಮರ್ ವೀಲರ್. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು ಅಗೆದು, ರೋಮನ್ ವ್ಯಾಪಾರದ ಕಾಲದ ಮಡಕೆ ಮತ್ತು ನಾಣ್ಯಗಳನ್ನು ಗೂಟ ಮಾಡಿಕೊಂಡು ಕೆಳಗಿನ ಪದರಗಳಿಗೆ ಕಾಲ ಕಟ್ಟಿದರು. ಅವರ ಲೆಕ್ಕದಲ್ಲಿ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಜನ ಇಲ್ಲಿಗೆ ಬಂದದ್ದು ಕ್ರಿ.ಪೂ. 200ರ ಸುಮಾರಿಗೆ. ಆ ಪದರದ ಮಣಿಗಳಿಗೂ ಅದೇ ವಯಸ್ಸು. ಗೂಟ ಗಟ್ಟಿಯೇ, ಹಗ್ಗ ಮಾತ್ರ ಗಿಡ್ಡವಾಗಿತ್ತು. ಕಳಸದಲ್ಲಿ ಹರಿಯುವ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರನ್ನು ಹಾಯುತ್ತದೆ. 1965ರಲ್ಲಿ ಅಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ಮಾಡಿದರು. ಅಲ್ಲಿನ ಇದ್ದಿಲನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ರೇಡಿಯೋ ಕಾರ್ಬನ್ ಪರೀಕ್ಷೆಗೆ ಒಳಪಡಿಸಿದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಯಿತು. ಒಂದು ಹಿಡಿ ಇದ್ದಿಲು ಕಾಲವನ್ನು ಎಂಟು ನೂರು ವರ್ಷ ಹಿಂದಕ್ಕೆ ಎಳೆದುಬಿಟ್ಟಿತು! ಮಣಿಗಳು ಹಾಗೆಯೇ ಇದ್ದವು, ಬದಲಾದದ್ದು ಅವುಗಳ ನೆರೆಹೊರೆಯ ವಯಸ್ಸು.

ಇನ್ನೂ ಆಳಕ್ಕೆ ಹೋಗಬೇಕಾದರೆ ಮಲೆನಾಡು ಬಿಟ್ಟು ಒಣನೆಲಕ್ಕೆ ಇಳಿಯಬೇಕು. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಮಣಿಗಳು ಸಿಕ್ಕವು. ಅಲ್ಲಿನ ಮೊಟ್ಟೆಚಿಪ್ಪಿನ ವಯಸ್ಸು ಸುಮಾರು 25,000 ವರ್ಷ. ಆಂಧ್ರದ ಜ್ವಾಲಾಪುರಂನ ಕಲ್ಲಾಸರೆಯಲ್ಲಿ 35,000 ವರ್ಷದಷ್ಟು ಹಿಂದಿನಿಂದ ಶುರುವಾಗುವ ಪದರಗಳಿವೆ, ಮಣಿಗಳೂ ದೊರೆತಿವೆ. ಅಲ್ಲಿ ದುಡಿದವರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಪ್ರಮುಖರು. ಅದು ಸುಣ್ಣಕಲ್ಲಿನ ಸೀಮೆ. ನಮ್ಮ ತೋಟಗಳಿಗೆ ಲಾರಿಯಲ್ಲಿ ಬರಬೇಕಾದದ್ದು ಅಲ್ಲಿ ಬಂಡೆಯಾಗಿಯೇ ಇದೆ.

ಇಡೀ ಹುಡುಕಾಟದಲ್ಲಿ ನನಗೆ ಅತಿ ಹೆಚ್ಚು ರುಚಿಸಿದ್ದು ಮಾತ್ರ ಲಂಡನ್ನಿನ ಕಥೆ. ಇಸ್ರೇಲಿನ ಸ್ಖುಲ್ ಗುಹೆಯಲ್ಲಿ 1930ರ ದಶಕದಲ್ಲಿ ಅಗೆದ ವಸ್ತುಗಳು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದವು. ಅವುಗಳಲ್ಲಿ ತೂತಿದ್ದ ಎರಡು ಕಡಲ ಚಿಪ್ಪುಗಳು. ಯಾವ ಪದರದವು ಎಂಬುದೇ ಜಗಳ. ಮರಿಯನ್ ವಾನ್‌ಹಾರನ್ ಮತ್ತು ಸಂಗಡಿಗರು ಒಂದು ಚಿಪ್ಪಿಗೆ ಅಂಟಿದ್ದ ಮಣ್ಣನ್ನು ಪರೀಕ್ಷಿಸಿದರು. ಅದರ ರಾಸಾಯನಿಕ ಗುಣ ಮನುಷ್ಯರ ಅಸ್ಥಿ ಸಿಕ್ಕ ಪದರದ ಮಣ್ಣಿಗೆ ಹೊಂದಿತು. 2006ರಲ್ಲಿ ಅವರು ಕೊಟ್ಟ ವಯಸ್ಸು 1,00,000ದಿಂದ 1,35,000 ವರ್ಷ. ಅದಕ್ಕೂ ಎಪ್ಪತ್ತು ವರ್ಷಗಳ ಮುಂಚೆ ಯಾರೋ ಚಿಪ್ಪನ್ನು ಉಜ್ಜಿ ತೊಳೆದು ಚೊಕ್ಕಟ ಮಾಡಿದ್ದರೆ ಈ ಸಾಕ್ಷ್ಯ ಬಚ್ಚಲು ಸೇರುತ್ತಿತ್ತು.

ಹಾಗಾದರೆ ಕಾಫಿ ಬೆಟ್ಟಗಳಿಗೆ ದಾರಿಯೇ ಇಲ್ಲವೆ? ಚಿಪ್ಪು ಕರಗಿದರೂ ಬೆಣಚುಕಲ್ಲಿನ ಮರಳು ಹುಳಿಮಣ್ಣಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಹೂತ ಮರಳಿನ ಕಣ ಸುತ್ತಲಿನ ಸಹಜ ವಿಕಿರಣದ ಶಕ್ತಿಯನ್ನು ಒಳಗೆ ಕೂಡಿಟ್ಟುಕೊಳ್ಳುತ್ತದೆ. ಬಿಸಿಲು ಕಂಡೊಡನೆ ಆ ಗಂಟು ಬಿಚ್ಚಿಹೋಗುತ್ತದೆ. ಪ್ರಯೋಗಾಲಯದಲ್ಲಿ ಬೆಳಕು ಹಾಯಿಸಿ ಅಳೆದರೆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. ಜ್ವಾಲಾಪುರಂನಲ್ಲಿ ಸುಮಾರು 74,000 ವರ್ಷ ಹಿಂದಿನ ಟೋಬಾ ಜ್ವಾಲಾಮುಖಿಯ ಬೂದಿಯ ಮೇಲಿನ, ಕೆಳಗಿನ ಪದರಗಳಿಗೆ ಕಾಲ ಕಟ್ಟಿದ್ದು ಹೀಗೆಯೇ. ತೊಡಕಿರುವುದು ನಮ್ಮ ಕಾಫಿ ಗುಂಡಿಗಳಲ್ಲಿ: ಅವು ಮೇಲಿನ ಮಣ್ಣನ್ನು ಕೆಳಕ್ಕೂ ಕೆಳಗಿನದನ್ನು ಬಿಸಿಲಿಗೂ ತಂದು ಬೆರೆಸಿಬಿಟ್ಟಿವೆ. ಹಾಗಾಗಿ ನಾನು ಪಣ ಕಟ್ಟುವುದು ಗುಂಡಿ ತೋಡದ ಕಲ್ಲಾಸರೆಗಳ ಮೇಲೆ, ಭದ್ರೆಯ ದಂಡೆಯ ಹಳೆಯ ದಿಬ್ಬಗಳ ಮೇಲೆ. ಅಲ್ಲಿ ಸಿಗಬಹುದಾದ್ದೂ ಕಲ್ಲಿನ ಮಣಿಯೇ ಹೊರತು ಚಿಪ್ಪಿನದಲ್ಲ.

ತೂತಿರುವ ಪುಟ್ಟ ಕಲ್ಲೊಂದು ತೋಟದಲ್ಲೇ ಕೈಗೆ ಬಂದರೆ ನಲ್ಲಿ ಕೆಳಗೆ ಹಿಡಿಯಬೇಡಿ. ತೂತಿನೊಳಗಿನ ಮಣ್ಣು ಹಾಗೇ ಇರಲಿ. ಎಷ್ಟು ಆಳದಲ್ಲಿ ಸಿಕ್ಕಿತು, ಪಕ್ಕದಲ್ಲಿ ಇದ್ದಿಲು, ಮಡಕೆಚೂರು ಏನಾದರೂ ಇತ್ತೇ ಎಂದು ಬರೆದಿಟ್ಟುಕೊಂಡು ಮೈಸೂರಿನ ಪುರಾತತ್ವ ಇಲಾಖೆಗೆ ತಿಳಿಸಿ.